ಒಣಗದ ನೀಲಿ

ಏಳನೆಯ ಕಂತು

"ಮುಟ್ಟಬೇಡಿ! ನೋಡೋದಾದ್ರೆ ಕಣ್ಣಲ್ಲಿ ನೋಡಿ," ಎಂದು ಫ್ರೇಮ್ ಅಂಗಡಿಯವನು ಗದರಿದ.

ನಿಧಾನಪ್ಪ ಚಾಚಿದ ಬೆರಳನ್ನು ಹಿಂದಕ್ಕೆಳೆದುಕೊಂಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಈ ಪತ್ತೇದಾರನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಇಪ್ಪತ್ತಾರು ವರ್ಷ ಪೊಲೀಸ್ ಠಾಣೆಯಲ್ಲಿ ಫೈಲು ತಿರುವುವುದಕ್ಕೂ ಚಹಾ ಆರಿಸಿಕೊಳ್ಳುವುದಕ್ಕೂ ಒಂದೇ ಹೊತ್ತು ತೆಗೆದುಕೊಂಡದ್ದಕ್ಕೆ ಜೊತೆಯವರು ಅಂಟಿಸಿದ ಹೆಸರು ಇದು. ನಿವೃತ್ತಿಯ ದಿನ ಅವರು ಕೊಟ್ಟ ಗಡಿಯಾರ ಆರು ತಿಂಗಳಿಗೆ ನಿಂತುಹೋಯಿತು, ಹೆಸರು ಮಾತ್ರ ಇನ್ನೂ ನಡೆಯುತ್ತಿದೆ.

ಮೇಜಿನ ಮೇಲೆ ಒಂದು ದೊಡ್ಡ ಚಿತ್ರ ಬೋರಲಾಗಿ ಮಲಗಿತ್ತು. ಒಳಗೆ ಧೂಳು ಹೋಗದಿರಲೆಂದು ಅದರ ಬೆನ್ನಿಗೆ ಕಂದು ಕಾಗದ ಅಂಟಿಸಿತ್ತು. ಅಂಗಡಿಯವನು ಬ್ಲೇಡು ತೆಗೆದುಕೊಂಡು ನಾಲ್ಕು ಮೂಲೆಗಳಲ್ಲಿ ಮಾತ್ರ ಕಾಗದ ಬಿಡಿಸಿದ.

"ಕ್ಯಾನ್ವಾಸ್ ಬಟ್ಟೆಯನ್ನ ಮರದ ಚೌಕಕ್ಕೆ ಎಳೆದು ಮೊಳೆ ಹೊಡೀತಾರಲ್ಲ, ಆಗ ಈ ಮೂಲೆ ಕೂರಿಸೋದೇ ದೊಡ್ಡ ಗೋಳು. ನೀವು ಹುಡುಕ್ತಿರೋ ಕಲಾವಿದರು ಅದನ್ನ ಬೇರೆಯವರ ಕೈಗೆ ಕೊಟ್ಟೋರೇ ಅಲ್ಲ. ತಾವೇ ಎಳೀಬೇಕು, ತಾವೇ ಹೊಡೀಬೇಕು. ಅವರ ಮೂಲೆ ಅಂದ್ರೆ ಗಂಟುಮೂಟೆ! ಎಷ್ಟು ಸಲ ಬೈಕೊಂಡು ಬಿಚ್ಚಿ ಸರಿ ಮಾಡಿದ್ದೀನೋ."

"ಇದು ಹಾಗಿಲ್ಲವಲ್ಲ."

"ಅದಕ್ಕೇ ನಿಮ್ಮನ್ನ ಕರೆದಿದ್ದು. ಒಂಬತ್ತು ವರ್ಷದಿಂದ ಬಂದದ್ದೆಲ್ಲಾ ಹೀಗೇ, ಇಸ್ತ್ರಿ ಹಾಕಿದ ಹಾಗೆ. ನೋಡಿ, ಇಲ್ಲಿ ಓರೆಯಾಗಿ ಒಂದು ಮಡಿಕೆ. ಅದನ್ನ ಒಳಗೆ ತೂರಿಸಿ ಮೇಲಿಂದ ಇನ್ನೊಂದು. ನಲವತ್ತು ವರ್ಷದ ಸರ್ವೀಸು ನಂದು, ಈ ಮಡಿಕೆ ನನಗೇ ಬರಲ್ಲ. ಅರವತ್ತು ದಾಟಿದ ಗಂಡಸಿಗೆ ಇದ್ದಕ್ಕಿದ್ದ ಹಾಗೆ ಅಚ್ಚುಕಟ್ಟುತನ ಬರುತ್ತಾ ಸ್ವಾಮಿ? ಬೇಕಾದ್ರೆ ನನ್ನ ಹೆಂಡತಿಯನ್ನ ಕೇಳಿ."

ನಿಧಾನಪ್ಪ ನಗಲಿಲ್ಲ. ಆ ಓರೆ ಮಡಿಕೆಯನ್ನು ಅವನು ಎಲ್ಲೋ ನೋಡಿದ್ದ. ಒಂದು ಸಲವಲ್ಲ, ದಿನಾ ನೋಡಿದ್ದ. ಎಲ್ಲಿ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ನೆನಪಾಯಿತು, ನೆನಪಾಗದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

ಆರು ವರ್ಷದ ಹಿಂದೆ ಅವನು ನಲವತ್ತು ದಿನ ಆಸ್ಪತ್ರೆಯಲ್ಲಿ, ಹೆಂಡತಿಯ ಮಂಚದ ಪಕ್ಕ ಒಂದು ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದ. ಬೆಳಿಗ್ಗೆ ನರ್ಸ್ ಬಂದು ಚಾದರದ ಮೂಲೆಯನ್ನು ಹೀಗೆಯೇ ಓರೆಯಾಗಿ ಮಡಿಸಿ ಹಾಸಿಗೆಯಡಿ ತೂರಿಸುತ್ತಿದ್ದಳು. "ಎಷ್ಟು ಚೆಂದ ಹಾಸ್ತಾಳೆ ನೋಡ್ರೀ. ನೀವೂ ಕಲೀರಿ, ಮನೆಗೆ ಹೋದ ಮೇಲೆ ನೀವೇ ಹಾಸ್ಬೇಕು," ಎಂದಿದ್ದಳು ಹೆಂಡತಿ. ಅವನು ಕಲಿತ. ನಲವತ್ತೊಂದನೆಯ ದಿನ ಒಬ್ಬನೇ ಮನೆಗೆ ಹೋಗಿ ಹಾಗೆಯೇ ಹಾಸಿದ. ಇವತ್ತಿಗೂ ಹಾಗೆಯೇ ಹಾಸುತ್ತಾನೆ. ಚೆಂದ ಎನ್ನುವವರು ಯಾರೂ ಇಲ್ಲ.

"ಇದು ಆಸ್ಪತ್ರೆಯ ಮಡಿಕೆ," ಎಂದ ನಿಧಾನಪ್ಪ. "ನರ್ಸ್‌ಗಳು ಮಂಚಕ್ಕೆ ಹಾಕೋದು."

ಅಂಗಡಿಯವನ ಬಾಯಿ ತೆರೆದದ್ದು ತೆರೆದೇ ಇತ್ತು. ಕಲಾವಿದರ ಹೆಂಡತಿ ಮದುವೆಗೆ ಮುಂಚೆ ಹನ್ನೊಂದು ವರ್ಷ ನರ್ಸ್ ಆಗಿದ್ದವರು ಎನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಅದರಿಂದ ಯಾರಿಗೂ ಏನೂ ಹೊಳೆದಿರಲಿಲ್ಲ.

ಇಪ್ಪತ್ತೆರಡು ದಿನದ ಹಿಂದೆ ಕಲಾವಿದರು ಮನೆಯಿಂದ ಹೊರಟವರು ಹಿಂದಿರುಗಿರಲಿಲ್ಲ. ನದಿಯ ದಡದಲ್ಲಿ ಅವರ ಕೋಟು ಸಿಕ್ಕಿತ್ತು, ಅವರು ಸಿಕ್ಕಿರಲಿಲ್ಲ. ಎಪ್ಪತ್ತೆರಡು ವರ್ಷದ ಅವರ ಅಕ್ಕ ನಿಧಾನಪ್ಪನನ್ನು ಕರೆಸಿ ಹೇಳಿದ್ದು ಒಂದೇ ಮಾತು: "ನನ್ನ ತಮ್ಮ ಇದ್ದಾನೋ ಇಲ್ಲವೋ, ಅಷ್ಟು ಹೇಳಪ್ಪ. ಮಿಕ್ಕಿದ್ದು ನನಗೆ ಬೇಡ."

ಅಷ್ಟನ್ನು ಹೇಳಲಾಗದೆ ಮೂರು ವಾರ ಕಳೆದಿತ್ತು.

*

ಅಂಗಡಿಯಿಂದ ಹೊರಬಿದ್ದ ನಿಧಾನಪ್ಪ, ಹೆಸರಿಗೆ ತಕ್ಕಂತೆ, ನಡೆದೇ ಹೊರಟ. ನಡೆಯುವಾಗ ಅವನಿಗೆ ಯೋಚನೆ ಸಲೀಸು. ಕೇಳುವವರಿಲ್ಲದಿದ್ದರೂ ಸಣ್ಣಗೆ ಮಾತಾಡಿಕೊಳ್ಳುವ ಅಭ್ಯಾಸ ಬೇರೆ ಈಚೆಗೆ ಅಂಟಿಕೊಂಡಿತ್ತು.

ಕಲಾವಿದರದು ದರ್ಜಿಯ ಮನೆ. ಅಕ್ಕ-ತಮ್ಮ ಇಬ್ಬರೂ ಬೆಳೆದದ್ದು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ. ರಾತ್ರಿ ಮಲಗುವುದೂ ಅಲ್ಲೇ, ಚೂರು ಬಟ್ಟೆಗಳ ಮೇಲೆ. ಎದ್ದ ಕೂಡಲೇ, ಯಾರ ಜೊತೆಗೂ ಒಂದು ಮಾತೂ ಆಡುವ ಮೊದಲು, ಒಬ್ಬರಿಗೊಬ್ಬರು ರಾತ್ರಿಯ ಕನಸು ಹೇಳಬೇಕು. ಅದು ಅವರಿಬ್ಬರ ಆಟ. ಬೇರೆ ಮಾತು ಮೊದಲು ಬಾಯಿಂದ ಬಿದ್ದರೆ ಕನಸು ಹಾರಿಹೋಗುತ್ತದೆ ಎಂದು ಅಕ್ಕನೇ ತಮ್ಮನಿಗೆ ಹೇಳಿಕೊಟ್ಟಿದ್ದಳು.

ತಮ್ಮ ದೊಡ್ಡವನಾದ ಮೇಲೆ ಆಟವನ್ನು ಬಿಡಲಿಲ್ಲ, ಚಿತ್ರ ಮಾಡಿದ. ಸಮುದ್ರವನ್ನು ಅಂಚು ಹಿಡಿದು ಕತ್ತರಿಸುವ ಭಾರಿ ಕತ್ತರಿ. ಒಳಗೆ ಮನುಷ್ಯರಿಲ್ಲದೆ ಸಾಲಾಗಿ ಬೆಟ್ಟ ಹತ್ತುವ ಕೋಟುಗಳು. ಗುಂಡಿ ಹಾಕಿಕೊಂಡ ಚಂದ್ರ. ಮೊದಲು ಜನ ನಕ್ಕರು, ಆಮೇಲೆ ಟಿಕೆಟ್ಟು ತೆಗೆದುಕೊಂಡು ಬಂದು ನೋಡಿದರು, ಆಮೇಲೆ ಪುಸ್ತಕ ಬರೆದರು. ಬರೆದವರೆಲ್ಲ ತಪ್ಪದೆ ಉಲ್ಲೇಖಿಸುತ್ತಿದ್ದ ಒಂದು ಸಂಗತಿಯೆಂದರೆ ಆ ಮನೆಯ ನಿಯಮ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ ಕಲಾವಿದರು ಸ್ಟುಡಿಯೋದಲ್ಲಿ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ, ಗಂಟೆ ಒತ್ತುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ. ಹೆಂಡತಿ ಒಬ್ಬರು ಮಾತ್ರ ಬಣ್ಣ ಕಲಸಿಕೊಡಲು ಒಳಗಿರುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಚಿತ್ರಗಳಿಂದ ಕತ್ತರಿ ಮಾಯವಾಯಿತು, ಕೋಟು ಮಾಯವಾಯಿತು. ಮಂಚಗಳು ಬಂದವು. ಕಾಡಿನಲ್ಲಿ ಬೇರು ಬಿಟ್ಟ ಮಂಚ, ಮಂಜಿನ ಚಾದರ ಹೊದ್ದ ಮಂಚ, ಕಿಟಕಿಯ ಬೆಳಕಿಗೆ ಕತ್ತು ಚಾಚಿದ ಮಂಚ. ವಿಮರ್ಶಕರು ಕುಣಿದಾಡಿದರು. ಇದು ಸಾವಿನ ಧ್ಯಾನ ಎಂದ ಒಬ್ಬ. ಅಲ್ಲ, ಇದು ತಾಯಿಯ ಮಡಿಲು ಎಂದ ಇನ್ನೊಬ್ಬ. ಇಬ್ಬರೂ ಪತ್ರಿಕೆಯಲ್ಲಿ ಮೂರು ತಿಂಗಳು ಕಿತ್ತಾಡಿದರು. ಆ ಮನೆಯಲ್ಲಿ, ಹನ್ನೊಂದು ವರ್ಷ ಆಸ್ಪತ್ರೆಯ ಮಂಚಗಳ ನಡುವೆಯೇ ಓಡಾಡಿದ ಒಬ್ಬ ಹೆಂಗಸಿದ್ದಾಳೆ ಎಂದು ಇಬ್ಬರಲ್ಲಿ ಒಬ್ಬನಿಗಾದರೂ ಹೊಳೆಯಬೇಡವೇ?

"ನಿನಗೂ ಹೊಳೀಲಿಲ್ಲವಲ್ಲ ಮಾರಾಯ," ಎಂದು ನಿಧಾನಪ್ಪ ತನ್ನನ್ನು ತಾನೇ ಬೈದುಕೊಂಡ.

ದಾರಿಯಲ್ಲಿ ಒಂದು ಕ್ಯಾಂಟೀನಿಗೆ ನುಗ್ಗಿ ಊಟಕ್ಕೆ ಕೂತ. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಪಕ್ಕದ ಮೇಜಿನ ಹುಡುಗಿಯೊಬ್ಬಳು ಬಂದು, "ಅಂಕಲ್, ಈ ಕುರ್ಚಿ ಖಾಲಿನಾ? ತಗೊಳ್ಲಾ?" ಎಂದಳು. "ತಗೊಳ್ಳಮ್ಮ," ಎಂದ. ಅವಳು ಎದುರಿನ ಕುರ್ಚಿಯನ್ನು ಎಳೆದುಕೊಂಡು ಹೋಗಿ ನಗುವವರ ಗುಂಪಿಗೆ ಸೇರಿಸಿದಳು. ಬೆಳಗಿನಿಂದ ಕೆಲಸಕ್ಕಲ್ಲದೆ ಅವನ ಜೊತೆ ಮಾತಾಡಿದವಳು ಅವಳೊಬ್ಬಳೇ, ಅದಕ್ಕೂ ಅವನಿಗೆ ಖುಷಿಯಾಯಿತು. ಇಂಥದ್ದಕ್ಕೆಲ್ಲ ಖುಷಿಪಡುವ ಮಟ್ಟಕ್ಕೆ ಬಂದೆನಲ್ಲ ಎಂದು ಬೇಸರವೂ ಆಯಿತು.

*

ಕಲಾವಿದರ ಮನೆಯ ಬಾಗಿಲು ತೆರೆದವರು ಹೆಂಡತಿಯೇ. ಹೊರಗಿನ ಚಪ್ಪಲಿ ಇನ್ನೂ ಕಾಲಿನಲ್ಲಿತ್ತು, ಕೈಚೀಲ ಹೆಗಲಲ್ಲಿತ್ತು.

"ಈಗ ತಾನೇ ಬಂದೆ," ಎಂದರು ಆಕೆ. "ಒಂಬತ್ತು ಗಂಟೆಗೆ ಪೊಲೀಸರ ಫೋನ್ ಬಂತು. ಕೆಳಗಿನ ಅಣೆಕಟ್ಟೆ ಹತ್ತಿರ ಒಂದು ಹೆಣ ಸಿಕ್ಕಿದೆ, ಬಂದು ನೋಡಿ ಅಂದ್ರು."

ನಿಧಾನಪ್ಪ ಹೊಸ್ತಿಲಲ್ಲೇ ನಿಂತ. "ಅವರೇನಾ?"

"ಅಲ್ಲ. ಯಾರೋ ಪಾಪ, ಇನ್ನೂ ಚಿಕ್ಕ ವಯಸ್ಸು."

ಆಕೆ ಗೋಡೆಗೆ ಕೈಯೂರಿ ನಿಂತರು. ಅರವತ್ತರ ಹತ್ತಿರದ ಹೆಂಗಸು, ಗಟ್ಟಿ ಜೀವ. ಈ ಮೂರು ವಾರದಲ್ಲಿ ಒಮ್ಮೆಯೂ ನಿಧಾನಪ್ಪ ಆಕೆಯ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಕಲಾವಿದರ ಅಕ್ಕ ಅದನ್ನೇ ಎತ್ತಿ ಆಡಿದ್ದರು: "ಅಳದೇ ಇರೋ ಹೆಂಡತಿಯನ್ನ ನಾನಂತೂ ನಂಬಲ್ಲ ಕಣಪ್ಪ."

"ಇದು ಮೂರನೇದು," ಎಂದರು ಆಕೆ. "ಆಸ್ಪತ್ರೆಯಲ್ಲಿ ಎಷ್ಟೋ ಹೆಣಕ್ಕೆ ಬಟ್ಟೆ ಹೊದಿಸಿದ್ದೀನಿ, ಒಂದು ದಿನಾನೂ ಕೈ ನಡುಗಿರಲಿಲ್ಲ. ಈಗ ಬಟ್ಟೆ ಎತ್ತೋ ಮುಂಚೆ ಉಸಿರು ನಿಂತುಹೋಗುತ್ತೆ. ಅವರೇ ಆಗಿರಲಿ, ಮುಗೀಲಿ ಅಂತ ಒಂದು ಕ್ಷಣ ಅನ್ಸುತ್ತೆ. ಎತ್ತಿದ ಮೇಲೆ ಹಾಗೆ ಅಂದುಕೊಂಡೆನಲ್ಲ ಅಂತ ನಾಚಿಕೆ ಆಗುತ್ತೆ. ನಾಲ್ಕನೇ ಸಲ ಕರೆದ್ರೆ ನನ್ನ ಕೈಲಿ ಆಗಲ್ಲ. ನೀವು ಏನಾದ್ರೂ ಒಂದು ಹೇಳಿಬಿಡಿ ನನಗೆ, ಇದ್ದಾರೆ ಅಂತಲೋ ಇಲ್ಲ ಅಂತಲೋ."

ಆಕೆ ಕೈ ತೊಳೆಯಲು ಒಳಗೆ ಹೋದರು. ನಲ್ಲಿಯ ನೀರು ಮೊಣಕೈವರೆಗೆ ಹರಿಯುವ ಸದ್ದು ಕೇಳಿಸುತ್ತಿತ್ತು. ಅದು ಬೇಗ ನಿಲ್ಲುವ ಹಾಗೆ ಕಾಣಲಿಲ್ಲ. ನಿಧಾನಪ್ಪ ಜೀವಮಾನದಲ್ಲಿ ಅಪರೂಪಕ್ಕೆ ಚುರುಕಾದ. ಎರಡೆರಡು ಮೆಟ್ಟಿಲು ಹತ್ತಿ ಸ್ಟುಡಿಯೋ ಬಾಗಿಲು ತಳ್ಳಿದ.

ಕಲಾವಿದರು ಹೋದ ದಿನದಿಂದ ಆ ಕೋಣೆಗೆ ಯಾರೂ ಕಾಲಿಟ್ಟಿಲ್ಲ ಎಂದು ಆಕೆ ಹೋದ ವಾರ ಹೇಳಿದ್ದರು. ಪೊಲೀಸರಿಗೂ ಅದನ್ನೇ ಬರೆದುಕೊಟ್ಟಿದ್ದರು.

ಬಾಗಿಲು ತೆರೆದ ಕೂಡಲೇ ಬಣ್ಣ ತೆಳುಮಾಡುವ ಟರ್ಪೆಂಟೈನ್ ವಾಸನೆ ಮೂಗಿಗೆ ಹೊಡೆಯಿತು. ಉದ್ದನೆಯ ಕೋಣೆ, ಒಂದು ಬದಿಗೆ ಗಾಜಿನ ಕಿಟಕಿಗಳು. ಹಿಂದಿನ ಗೋಡೆಯಲ್ಲಿ ಓಣಿಗೆ ಇಳಿಯುವ ಮೆಟ್ಟಿಲಿನ ಬಾಗಿಲು, ಮುಚ್ಚಿತ್ತು. ನಡುವೆ ಈಸೆಲ್ ಮೇಲೆ ಆಳೆತ್ತರದ ಚಿತ್ರ.

ಕತ್ತಲೆ ನೀಲಿ ನದಿಯ ಮೇಲೆ ಒಂದು ಜೋಡಿ ಮಂಚ ತೇಲುತ್ತಿತ್ತು. ಹಾಸಿಗೆ ಒಂದು ಸುಕ್ಕೂ ಇಲ್ಲದೆ ಹಾಸಿತ್ತು. ಎರಡು ದಿಂಬು. ಒಂದರಲ್ಲಿ ತಲೆಯಿಟ್ಟ ಕುಳಿ ಇನ್ನೂ ಹಾಗೆಯೇ ಇದೆ, ಆ ಕುಳಿಯಲ್ಲಿ ನೀರು ನಿಂತಿದೆ, ನೀರಿನಲ್ಲಿ ಒಂದು ಬಿಳಿ ಮೀನು ಆಚೆ ಹೋಗಲು ದಾರಿಯಿಲ್ಲದೆ ಸುತ್ತುತ್ತಿದೆ.

ನಿಧಾನಪ್ಪ ಎಷ್ಟು ಹೊತ್ತು ನಿಂತನೋ. ಚಿತ್ರ ಗಿತ್ರ ಅವನಿಗೆ ಅರ್ಥವಾಗುವ ವಿಷಯವಲ್ಲ. ಆದರೆ ಆ ದಿಂಬಿನ ಕುಳಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷದಿಂದ ಅವನ ಮನೆಯಲ್ಲೂ ಎರಡು ದಿಂಬುಗಳೇ ಇವೆ.

ಆಮೇಲೆ ಕೆಲಸ ನೆನಪಾಗಿ, ನದಿಯ ಅಂಚಿಗೆ ಬೆರಳ ತುದಿ ಮುಟ್ಟಿಸಿದ. ಬೆರಳಿಗೆ ನೀಲಿ ಅಂಟಿತು.

*

"ಒಣಗಿಲ್ಲ ಅದು."

ಆಕೆ ಬಾಗಿಲಲ್ಲಿ ನಿಂತಿದ್ದರು. ತೋಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೌದಮ್ಮ, ಒಣಗಿಲ್ಲ," ಎಂದು ನಿಧಾನಪ್ಪ ಬೆರಳೆತ್ತಿ ತೋರಿಸಿದ. "ಯಜಮಾನರು ಹೋಗಿ ಇಪ್ಪತ್ತೆರಡು ದಿನ ಆಯ್ತು. ಈ ಕೋಣೆಗೆ ಯಾರೂ ಬಂದಿಲ್ಲ ಅಂದ್ರಿ. ಹಾಗಾದ್ರೆ ಈ ನೀಲಿ ಯಾರದ್ದು?"

ಆಕೆ ಒದ್ದೆ ತೋಳುಗಳನ್ನು ಒರೆಸಿಕೊಂಡರು.

ಅವನು ಚಿತ್ರದ ಪಕ್ಕಕ್ಕೆ ಸರಿದು ಕ್ಯಾನ್ವಾಸಿನ ಮೂಲೆಯನ್ನು ತೋರಿಸಿದ. "ಈ ಮಡಿಕೆ ನನಗೂ ಬರುತ್ತೆ. ನನ್ನ ಹೆಂಡತಿ ಕಾಯಿಲೆ ಬಿದ್ದಾಗ ಕಲಿತೆ. ಒಂಬತ್ತು ವರ್ಷದಿಂದ ಎಲ್ಲಾ ಚಿತ್ರಕ್ಕೂ ಇದೇ ಮಡಿಕೆ."

"ಕ್ಯಾನ್ವಾಸ್ ಎಳೆದುಕೊಡೋದು ನಾನೇ. ಅದರಲ್ಲೇನು ಕಳ್ಳತನ?"

"ಎಳೆದುಕೊಡೋದು ಮಾತ್ರಾನಾ?"

"ಅವರ ಅಕ್ಕ ಕಳಿಸಿದ್ದು ಇದನ್ನ ಕೇಳೋಕಾ? ನಾನು ಅವರನ್ನ ನದಿಗೆ ತಳ್ಳಿ, ಅವರ ಹೆಸರಲ್ಲಿ ಚಿತ್ರ ಮಾಡ್ಕೊಂಡು ಕೂತಿದ್ದೀನಿ ಅಂತಾನಾ?"

"ಅಕ್ಕ ಏನಂತಾರೋ ಬಿಡಿ, ನಾಳೆ ಪೊಲೀಸರು ಈ ಬಾಗಿಲು ತೆರೆದ್ರೆ ಖಂಡಿತ ಹಾಗೇ ಅಂತಾರೆ. ಅದಕ್ಕೇ ನಾನು ಮೊದಲು ಕೇಳ್ತಿದ್ದೀನಿ."

ಆಕೆ ಒಳಗೆ ಬಂದು ಬಾಗಿಲು ಹಾಕಿಕೊಂಡರು. ಗೋಡೆಯ ಕಡೆ ಮುಖ ಮಾಡಿ ಇಟ್ಟಿದ್ದ ಒಂದು ಹಳೆಯ ಒರಗು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

"ಕೈ ನಡುಗೋ ರೋಗ," ಎಂದರು. "ಮೊದಲು ಹೆಬ್ಬೆರಳು. ಒಂದು ವರ್ಷದೊಳಗೆ ಬ್ರಷ್ ಹಿಡಿಯೋಕೆ ಆಗದ ಹಾಗಾಯ್ತು. ಹೊರಗೆ ಗೊತ್ತಾದ್ರೆ ಸತ್ತ ಹಾಗೇ ಅಂತ ಅಂದ್ಕೊಂಡ್ರು. ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತು ಬಣ್ಣ ಕಲಸಿದವಳು ನಾನು, ಅವರ ಕೈ ಎಲ್ಲಿ ತಿರುಗುತ್ತೆ ಅಂತ ನನಗೆ ನಿದ್ದೇಲೂ ಗೊತ್ತು. ಅವರು ಕನಸು ಹೇಳೋರು, ನಾನು ಬರೀತಿದ್ದೆ."

"ಮನೆಯಲ್ಲಿ ಯಾರೂ ಮಾತಾಡಬಾರದು ಅನ್ನೋ ನಿಯಮ?"

"ಮೊದಲು ಅದು ನಿಜವಾದ ನಿಯಮವೇ. ಆಮೇಲೆ ಅನುಕೂಲ ಆಯ್ತು. ಯಾರೂ ಮೆಟ್ಟಿಲು ಹತ್ತದಿದ್ರೆ ಒಳಗೆ ಅವರು ಮಾತಾಡ್ತಿರೋದು ಹೊರಗಿನವರಿಗೆ ಕೇಳಲ್ವಲ್ಲ!" ಆಕೆ ನಗಲು ನೋಡಿದರು, ಆಗಲಿಲ್ಲ. "ಅಷ್ಟಾಗಿದ್ರೆ ಪರವಾಗಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ರು. ಮಾತ್ರೆ ಶುರುವಾದ ಮೇಲೆ ಅವರಿಗೆ ಕನಸೇ ಬೀಳಲಿಲ್ಲ."

"ಅಂದ್ರೆ?"

"ಅಂದ್ರೆ ಬೀಳಲಿಲ್ಲ. ನಲವತ್ತು ವರ್ಷ ಕನಸು ಮಾರಿ ಬದುಕಿದ ಮನುಷ್ಯ ಬೆಳಿಗ್ಗೆ ಎದ್ದು ನನ್ನ ಮುಖ ನೋಡಿ, 'ಇವತ್ತೂ ಏನೂ ಇಲ್ಲ ಕಣೇ' ಅಂತಿದ್ರು. ಆಗ ನಾನು ನನ್ನದನ್ನ ಹೇಳಿದೆ. ಸುಮ್ನೆ, ಸಮಾಧಾನಕ್ಕೆ. ಹಳೇ ವಾರ್ಡು ಕನಸಲ್ಲಿ ಬಂದಿತ್ತು, ಮಂಚಗಳಿಗೆಲ್ಲ ಬೇರು ಬಂದಿತ್ತು ಅಂತ. 'ಅದನ್ನೇ ಬರಿ' ಅಂದ್ರು."

ಹೊರಗಿನ ಓಣಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಆಮೇಲೆ ಕೈಯೂ ನಂದೇ, ಕನಸೂ ನಂದೇ. ಅವರು ಆರು ಗಂಟೆಗೆ ಬಂದು ಈ ಕುರ್ಚಿಯಲ್ಲಿ ಗೋಡೆ ನೋಡ್ಕೊಂಡು ಕೂತ್ರೆ ಹನ್ನೆರಡಕ್ಕೆ ಏಳೋರು. ನಾನು ಬರೆಯೋದನ್ನ ಅವರಿಗೆ ನೋಡೋಕೆ ಆಗ್ತಿರಲಿಲ್ಲ. ಹಾಗಂತ ಎದ್ದು ಹೋಗೋಕೂ ಆಗ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಇಬ್ಬರು, ಹತ್ತಿರ ಹತ್ತಿರ ಒಂಬತ್ತು ವರ್ಷ. ನಾನು ಆಗಲೇ ಒಬ್ಬಳೇ ಆಗಿದ್ದೆ ನೋಡಿ, ಇಪ್ಪತ್ತೆರಡು ದಿನದಿಂದ ಅಲ್ಲ."

"ಅವರು ಹೋದ ದಿನ ಜಗಳ ಆಗಿತ್ತಾ?"

"ಜಗಳ ಆಡೋದಕ್ಕೂ ಇಬ್ಬರು ಮಾತಾಡ್ಬೇಕಲ್ಲ," ಎಂದರು ಆಕೆ. "ಹಿಂದಿನ ದಿನ ಪತ್ರಿಕೆಯಲ್ಲಿ ಬಂದಿತ್ತು, ಇವರ ಕೊನೆಯ ಒಂಬತ್ತು ವರ್ಷದ ಚಿತ್ರಗಳೇ ಶ್ರೇಷ್ಠ, ಹಳೆಯವು ಬರೀ ತಯಾರಿ ಅಂತ. ಅದನ್ನ ಓದಿದ್ರು. ಪತ್ರಿಕೆ ಮಡಿಸಿಟ್ರು. ಮಾರನೇ ದಿನ ಹೊರಟುಹೋದ್ರು."

ನಿಧಾನಪ್ಪ ಮೆಲ್ಲನೆ ಈಸೆಲ್ ಕಡೆ ತಲೆಯಾಡಿಸಿದ. "ಇದು?"

"ಅವರು ಹೋದ ಮೇಲೆ ಬಿದ್ದ ಕನಸು. ಎಷ್ಟೋ ದಿನ ಸುಮ್ಮನಿದ್ದೆ. ಯಾರಿಗೆ ಹೇಳ್ಲಿ? ಬರೆದೆ. ಇದನ್ನ ಯಾರಿಗೂ ಕೊಡಲ್ಲ, ಕೊಡೋಕೂ ಆಗಲ್ಲ."

"ಯಾಕೆ?"

"ಅವರ ಸಹಿ ಇಲ್ಲವಲ್ಲ. ಅವರ ಪಾಲಿಗೆ ಉಳಿದಿದ್ದು ಅದೊಂದೇ. ಚಿತ್ರ ಮುಗಿದ ಮೇಲೆ ಅದರ ಬೆನ್ನಿಗೆ ಕಪ್ಪು ಬಣ್ಣದಲ್ಲಿ ಹೆಸರು ಬರೆಯೋರು. ನಾನು ಮಣಿಕಟ್ಟು ಹಿಡ್ಕೋಬೇಕು, ಆಗ ನಾಲ್ಕು ಅಕ್ಷರ ಬೀಳೋದು. ನಾನು ಹಿಡೀದಿದ್ರೆ ಬರೀ ಜೇಡರ ಬಲೆ. ಆ ಹೊತ್ತು ಮಾತ್ರ ಅವರು ನನ್ನ ಕೈ ಮುಟ್ಟೋರು." ಆಕೆ ಕಣ್ಣೊರೆಸಿಕೊಂಡು ಈಸೆಲ್ ಹತ್ತಿರ ಬಂದರು. "ನಿಮಗೆ ನಂಬಿಕೆ ಬರಲಿಲ್ಲ ಅಂತ ಕಾಣುತ್ತೆ. ನೋಡಿ, ಬೆನ್ನು ಖಾಲಿ ಇದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ನಾನೇ ಇದನ್ನ ನೆಲದಿಂದ ಎತ್ತಿ ಇಲ್ಲಿ ಇಟ್ಟಿದ್ದು."

ಎರಡೂ ಅಂಚು ಹಿಡಿದು ಆಕೆ ಚಿತ್ರವನ್ನು ಎತ್ತಿ ತಿರುಗಿಸಿದರು.

ಬೆನ್ನು ಖಾಲಿ ಇರಲಿಲ್ಲ.

ಕ್ಯಾನ್ವಾಸಿನ ನಡುಮಧ್ಯೆ, ಕಪ್ಪು ಬಣ್ಣದಲ್ಲಿ, ಅಂಕುಡೊಂಕಾದ ಮೂರು ಅಕ್ಷರಗಳಿದ್ದವು. ಆಕೆ ಚಿತ್ರವನ್ನು ಬೀಳಿಸಲಿಲ್ಲ. ಹನ್ನೊಂದು ವರ್ಷ ನರ್ಸ್ ಕೆಲಸ ಮಾಡಿದ ಕೈ ಅದು, ಹಿಡಿದದ್ದನ್ನು ಬಿಡುವ ಅಭ್ಯಾಸವಿಲ್ಲ. ಜೋಪಾನವಾಗಿ ಈಸೆಲ್ ಮೇಲಿಟ್ಟು, ಕೊನೆಯ ಅಕ್ಷರವನ್ನು ಹೆಬ್ಬೆರಳಿಂದ ಮುಟ್ಟಿದರು. ಹೆಬ್ಬೆರಳು ಕಪ್ಪಾಯಿತು.

"ಅವರದೇ ಬರಹ," ಎಂದರು ಆಕೆ. "ಬದುಕಿದ್ದಾರೆ."

ನಿಧಾನಪ್ಪ ಮುಂದೆ ಬಾಗಿ ಓದಿದ. ಬರಹ ಕಲಾವಿದರದ್ದೇ. ಅಂಥ ಸಹಿಯನ್ನು ಅವನು ಈ ಮೂರು ವಾರದಲ್ಲಿ ಪುಸ್ತಕಗಳಲ್ಲಿ ನೂರು ಸಲ ನೋಡಿದ್ದ. ಆದರೆ ಬರೆದಿದ್ದ ಹೆಸರು ಕಲಾವಿದರದ್ದಲ್ಲ. ಹೆಂಡತಿಯದು.

"ಮೂವತ್ತು ವರ್ಷ ಆಯ್ತು ಮದುವೆಯಾಗಿ. ಅವರು ನನ್ನ ಹೆಸರು ಬರೆದಿದ್ದನ್ನ ನಾನು ನೋಡ್ತಿರೋದು ಇದೇ ಮೊದಲು," ಎಂದು ಆಕೆ ಹೇಳಿದರು. ಆಮೇಲೆ ಏನೋ ಹೊಳೆದಂತೆ ತಲೆಯೆತ್ತಿದರು. "ನಾನು ಅಲ್ಲಿ ಹೆಣದ ಮುಖದಿಂದ ಬಟ್ಟೆ ಎತ್ತುತ್ತಾ ಇದ್ದೆನಲ್ಲ, ಅದೇ ಹೊತ್ತಿಗೆ ಅವರು ಇಲ್ಲಿದ್ರು. ನಾನು ಇಲ್ಲದ ಹೊತ್ತು ನೋಡ್ಕೊಂಡು ಬಂದು ಹೋಗಿದ್ದಾರೆ. ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂತ ತಾನೇ ಅದರರ್ಥ?"

ನಿಧಾನಪ್ಪನಿಗೆ ಹೊಳೆದದ್ದು ಹೇಳುವಂಥದ್ದಾಗಿರಲಿಲ್ಲ. ಈ ಮೂರು ಅಕ್ಷರ ಕಾಣಿಕೆಯಾದರೂ ಆಗಿರಬಹುದು, ಕೊನೆಗಾಲದಲ್ಲಿ ಗಂಡ ಹೆಂಡತಿಗೆ ಅವಳದನ್ನು ಅವಳಿಗೇ ಬಿಟ್ಟುಕೊಟ್ಟ ಹಾಗೆ. ಅಥವಾ ದೂರು ಆಗಿರಬಹುದು. ಒಂಬತ್ತು ವರ್ಷ ಗಂಡನ ಹೆಸರಿನಲ್ಲಿ ಜಗತ್ತಿಗೆ ಚಿತ್ರ ಕೊಟ್ಟವಳು ಇವಳು ಎಂದು ಇದೊಂದೇ ಬೆನ್ನು ನಾಳೆ ಊರಿಗೆಲ್ಲ ಸಾರಬಹುದು.

"ಸರಿಯಾಗಿ ನೋಡಿ ಹೇಳಿ ಅಮ್ಮ. ಅವರೇ ಬರೆದದ್ದಾ?"

ಆಕೆ ಮತ್ತೆ ಬಾಗಿದರು. ಈ ಸಲ ಹೆಂಡತಿಯ ಹಾಗಲ್ಲ, ರೋಗಿಯನ್ನು ನೋಡುವ ನರ್ಸಿನ ಹಾಗೆ, ಅಕ್ಷರ ಅಕ್ಷರ ಬಿಡಿಸಿ.

"ಅವರೇ. ಆದ್ರೆ ಒಬ್ಬರೇ ಅಲ್ಲ. ಒಬ್ಬರೇ ಬರೆದಿದ್ರೆ ಇದನ್ನ ಓದೋಕೆ ಆಗ್ತಿರಲಿಲ್ಲ." ಆಕೆ ತಮ್ಮ ಮಣಿಕಟ್ಟನ್ನೇ ಹಿಡಿದು ತೋರಿಸಿದರು. "ಯಾರೋ ಮಣಿಕಟ್ಟು ಹಿಡಿದಿದ್ದಾರೆ. ನಾನು ಹಿಡಿಯೋ ಹಾಗೇ ಹಿಡಿದಿದ್ದಾರೆ."

ನಿಧಾನಪ್ಪ ಹಿಂದಿನ ಬಾಗಿಲಿಗೆ ಹೋಗಿ ಬೀಗ ಪರೀಕ್ಷಿಸಿದ. ಒಂದು ಗೀರೂ ಇರಲಿಲ್ಲ. ಕೀಲಿಕೈಯಿಂದಲೇ ತೆರೆದು, ಕೀಲಿಕೈಯಿಂದಲೇ ಹಾಕಿದ್ದರು.

"ಈ ಬಾಗಿಲಿಗೆ ಕೀ ಎಷ್ಟಿವೆ?"

"ಒಂದು ನನ್ನ ಚೀಲದಲ್ಲಿ, ಬೆಳಗಿನಿಂದ ಹೆಗಲಲ್ಲೇ ಇದೆ. ಅವರದ್ದು ನದಿ ಹತ್ತಿರ ಸಿಕ್ಕ ಕೋಟಿನ ಜೇಬಲ್ಲಿತ್ತು, ಪೊಲೀಸರು ಮೊಹರು ಹಾಕಿ ಇಟ್ಕೊಂಡಿದ್ದಾರೆ."

"ಅಷ್ಟೇನಾ?"

ಆಕೆ ಆ ಮುಚ್ಚಿದ ಬಾಗಿಲಿನತ್ತ ನೋಡಿದರು.

"ಇನ್ನೊಂದಿದೆ. ಈ ಮನೆ ಕಟ್ಟಿಸಿದಾಗ ಅವರ ಅಕ್ಕನಿಗೆ ಕೊಟ್ಟಿದ್ರು. ಯಾವಾಗ ಬೇಕಾದ್ರೂ ಬಾ ಅಂತ. ನನ್ನ ಮೇಲಿನ ಸಿಟ್ಟಿಗೆ ಅವರು ಹನ್ನೊಂದು ವರ್ಷದಿಂದ ಇತ್ತ ತಲೆ ಹಾಕಿಲ್ಲ. ಕೀ ಎಸೆದಿರಬೇಕು ಅಂತ ಅಂದ್ಕೊಂಡಿದ್ದೆ."

ಕೋಣೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಧಾನಪ್ಪ ಜೇಬಿನಿಂದ ಫೋನ್ ತೆಗೆದ. ನೀಲಿ ಅಂಟಿದ ಬೆರಳಿನಿಂದಲೇ ಅಕ್ಕನ ನಂಬರು ಒತ್ತಿದ. ತನ್ನ ತಮ್ಮ ಇದ್ದಾನೋ ಇಲ್ಲವೋ ಅಷ್ಟು ಹೇಳಪ್ಪ ಎಂದು ತನ್ನನ್ನು ಮೂರು ವಾರದಿಂದ ಊರೆಲ್ಲ ಅಲೆಸಿದ ಮುದುಕಿಗೆ ಏನು ಹೇಳಬೇಕು, ಹೇಗೆ ಶುರು ಮಾಡಬೇಕು ಎಂದು ಅವನಿಗೆ ಗೊತ್ತಿರಲಿಲ್ಲ.

ಮೊದಲನೆಯ ಗಂಟೆಗೇ ಅತ್ತ ಫೋನ್ ಎತ್ತಿದರು.

"ಅಕ್ಕಾ, ನಾನು," ಎಂದ ನಿಧಾನಪ್ಪ. "ನಿಮ್ಮ ತಮ್ಮನ ಮನೆಯಿಂದ ಮಾತಾಡ್ತಿದ್ದೀನಿ."

ಇದ್ದಾನಾ ಇಲ್ಲವಾ ಎಂದು ಅವರು ಈ ಸಲ ಕೇಳಲಿಲ್ಲ.

"ಅವಳು ಚಿತ್ರ ತಿರುಗಿಸಿ ನೋಡಿದ್ಲಾ?" ಎಂದು ಕೇಳಿದರು.